ಶೇಕಡಾ 92 ಹೊಂದಾಣಿಕೆ: ಡೇಟಿಂಗ್ ಆ್ಯಪ್ ತೋರಿಸುವ ಅಂಕಿಯನ್ನು ಓದುವುದು ಹೇಗೆ, ಬಳಸುವುದು ಹೇಗೆ

ಫೋಟೊ, ಹೆಸರು, ವಯಸ್ಸು, ಅದರ ಕೆಳಗೊಂದು ಅಂಕಿ: ಶೇ 92 ಹೊಂದಾಣಿಕೆ. ನೋಡಿದ ಕೂಡಲೇ ಅರ್ಧ ಮದುವೆ ಮುಗಿದಂತೆ ಅನ್ನಿಸುವುದು ಸಹಜ. ಆ ಅಂಕಿ ಎಲ್ಲಿಂದ ಬಂತು, ಯಾರು ಕೊಟ್ಟ ಉತ್ತರದಿಂದ ಬಂತು ಎಂದು ಕೇಳುವವರು ಕಡಿಮೆ. ಅದು ಬೇಡದವರನ್ನು ಮೊದಲ ಸುತ್ತಿನಲ್ಲೇ ದೂರ ಇಡಲು ಒಳ್ಳೆಯ ಸಾಧನ. ಬೇಕಾದವರನ್ನು ಆರಿಸಿಕೊಡುವ ಶಕ್ತಿ ಅದಕ್ಕಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಆ್ಯಪ್ ಬಳಸಿದರೆ ಸಮಯ, ದುಡ್ಡು ಎರಡೂ ಉಳಿಯುತ್ತವೆ.

ಯಾವ ಆ್ಯಪ್ ಹೇಗೆ ಜೋಡಿಸುತ್ತದೆ

ಹೊಂದಾಣಿಕೆ ನೋಡಿ ಜೋಡಿಸುತ್ತೇವೆ ಎನ್ನುವ ಸೇವೆಗಳಲ್ಲಿ ಮೂರು ಬಗೆ.

ಮೊದಲನೆಯದು ಪ್ರಶ್ನೆ ಕೇಳಿ ಲೆಕ್ಕ ಹಾಕುವಂಥದು. ಮನಶ್ಶಾಸ್ತ್ರಜ್ಞ ನೀಲ್ ಕ್ಲಾರ್ಕ್ ವಾರನ್ ಅಮೆರಿಕದಲ್ಲಿ 2000ದಲ್ಲಿ ಶುರುಮಾಡಿದ ಇ-ಹಾರ್ಮನಿ ಉದ್ದುದ್ದ ಪ್ರಶ್ನಾವಳಿ ಕೊಟ್ಟು, ಸ್ವಭಾವದ 29 ಮುಖಗಳನ್ನು ಅಳೆಯುತ್ತೇವೆ ಎಂದು ಹೆಸರು ಮಾಡಿತು. 2004ರಲ್ಲಿ ಬಂದ ಓಕೆ ಕ್ಯುಪಿಡ್ ಗಣಿತ ಓದಿದ ಹುಡುಗರು ಕಟ್ಟಿದ್ದು. ಭಾರತದಲ್ಲಿ ಅದು ಪ್ರಚಾರಕ್ಕೆ ಬಂದದ್ದು 2018ರ ಹೊತ್ತಿಗೆ. ಇಲ್ಲಿ ನೀವು ಕೊಟ್ಟ ಉತ್ತರವೇ ಬಂಡವಾಳ.

ಎರಡನೆಯದು ನಿಮ್ಮ ನಡವಳಿಕೆ ನೋಡಿ ಕಲಿಯುವಂಥದು. ಹಿಂಜ್ 2018ರಲ್ಲಿ ತಂದ ‘ಮೋಸ್ಟ್ ಕಂಪ್ಯಾಟಿಬಲ್’ ದಿನಕ್ಕೆ ಒಬ್ಬರನ್ನು ಮುಂದಿಡುತ್ತದೆ. ಅದರ ಹಿಂದಿರುವುದು ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ 1962ರಲ್ಲಿ ಬರೆದ ಜೋಡಣೆಯ ಸೂತ್ರ. ನೀವು ಯಾರನ್ನು ಮೆಚ್ಚಬಹುದು ಎಂಬುದರ ಜೊತೆಗೆ, ಅವರೂ ನಿಮ್ಮನ್ನು ಮೆಚ್ಚಬಹುದೇ ಎಂದು ಅದು ನೋಡುತ್ತದೆ. ಶೇಪ್ಲಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಬಂದದ್ದು ಸೂತ್ರಕ್ಕೆ, ಆ್ಯಪ್‌ಗಲ್ಲ!

ಮೂರನೆಯದು ನಮಗೆ ಹಳೆಯ ಪರಿಚಯದ ಮ್ಯಾಟ್ರಿಮನಿ ತಾಣಗಳು. ಕನ್ನಡ ಮ್ಯಾಟ್ರಿಮನಿ, ಶಾದಿ ಡಾಟ್ ಕಾಮ್ ಮುಂತಾದವು ವಯಸ್ಸು, ಎತ್ತರ, ಓದು, ಸಂಬಳ, ಜಾತಿ, ಊರುಗಳನ್ನು ಜರಡಿ ಹಿಡಿಯುತ್ತವೆ. ಕೇಳಿದವರಿಗೆ ಜಾತಕದ ಕೂಟವನ್ನೂ ಹಾಕಿ ಕೊಡುತ್ತವೆ.

ಒಂದೆರಡು ವರ್ಷದಲ್ಲಿ ಮದುವೆ ಎಂಬ ಯೋಚನೆ ಇದ್ದು, ಮನೆಯವರ ಒಪ್ಪಿಗೆಯೂ ಬೇಕಿದ್ದರೆ ಒಂದು ಮ್ಯಾಟ್ರಿಮನಿ ತಾಣ ಮತ್ತು ಒಂದು ಪ್ರಶ್ನೆಯ ಆ್ಯಪ್ ಸಾಕು. ಮೊದಲು ಮನುಷ್ಯರ ಪರಿಚಯವಾಗಲಿ, ಉಳಿದದ್ದು ಆಮೇಲೆ ಎನ್ನುವವರಿಗೆ ಹಿಂಜ್, ಬಂಬಲ್, ಐಲ್ ಸಾಲಿನದು ಒಂದು. ಐದು ಆ್ಯಪ್ ಹಾಕಿಕೊಂಡವರು ಎಲ್ಲ ಕಡೆಯೂ ಅರ್ಧ ಪ್ರೊಫೈಲ್, ಅರ್ಧ ಮಾತು ಬಿಟ್ಟು ಕೂರುತ್ತಾರೆ. ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ಇರುವವರು ಇನ್ನೊಂದು ಮಾತು ಗಮನಿಸಬೇಕು. ಡೇಟಿಂಗ್ ಆ್ಯಪ್‌ಗಳಲ್ಲಿ ಬೆಂಗಳೂರಿನಷ್ಟು ಜನ ಬೇರೆ ಊರುಗಳಲ್ಲಿಲ್ಲ. ಅಲ್ಲಿ ಜರಡಿಯ ಕಣ್ಣು ದೊಡ್ಡದಾಗಿರಬೇಕು, ಇಲ್ಲದಿದ್ದರೆ ಒಂದೇ ವಾರದಲ್ಲಿ ಪರದೆ ಖಾಲಿ.

ಅಂಕಿ ಹುಟ್ಟುವ ಲೆಕ್ಕ

ಓಕೆ ಕ್ಯುಪಿಡ್ ತನ್ನ ಲೆಕ್ಕವನ್ನು ಹಿಂದೆಯೇ ಬಹಿರಂಗಪಡಿಸಿತ್ತು. ಆ್ಯಪ್‌ನ ಗುಂಡಿಗಳು ಕಾಲಕಾಲಕ್ಕೆ ಬದಲಾಗಿವೆಯಾದರೂ ಆ ಲೆಕ್ಕ ತಿಳಿದವರಿಗೆ ಬೇರೆ ಆ್ಯಪ್‌ಗಳ ಶೇಕಡಾವಾರು ಅಂಕಿಯ ಗುಟ್ಟೂ ತಿಳಿಯುತ್ತದೆ.

ಪ್ರತಿ ಪ್ರಶ್ನೆಗೂ ನೀವು ಮೂರು ವಿಷಯ ಹೇಳುತ್ತೀರಿ. ನಿಮ್ಮ ಉತ್ತರ ಏನು, ಎದುರಿನವರ ಯಾವ ಯಾವ ಉತ್ತರ ನಿಮಗೆ ಒಪ್ಪಿಗೆ, ಈ ಪ್ರಶ್ನೆ ನಿಮಗೆ ಎಷ್ಟು ಮುಖ್ಯ. ಮೂಲ ಲೆಕ್ಕದಲ್ಲಿ ಮುಖ್ಯತೆಗೆ ಐದು ತೂಕಗಳಿದ್ದವು: ಲೆಕ್ಕಕ್ಕೇ ಇಲ್ಲ ಎಂದರೆ 0, ಅಷ್ಟಿಷ್ಟು ಮುಖ್ಯ ಎಂದರೆ 1, ತಕ್ಕಮಟ್ಟಿಗೆ ಮುಖ್ಯ 10, ತುಂಬ ಮುಖ್ಯ 50, ಇದಾಗಲೇಬೇಕು ಎಂದರೆ 250.

ಇಬ್ಬರೂ ಉತ್ತರಿಸಿದ ಮೂರು ಪ್ರಶ್ನೆಗಳಿವೆ ಎಂದುಕೊಳ್ಳಿ: ಮಕ್ಕಳು ಬೇಕೇ, ಮದುವೆಯಾದ ಮೇಲೆ ಹುಡುಗನ ಅಪ್ಪ ಅಮ್ಮನ ಜೊತೆ ಒಂದೇ ಮನೆಯೇ, ಅಡುಗೆಮನೆಯಲ್ಲಿ ಮಾಂಸ ಆಗಬಹುದೇ.

ಹುಡುಗಿ ಇವಕ್ಕೆ 250, 50, 10 ತೂಕ ಕೊಟ್ಟಿದ್ದಾಳೆ. ಒಟ್ಟು 310. ಹುಡುಗನ ಉತ್ತರ ಮಕ್ಕಳ ವಿಷಯದಲ್ಲೂ ಮಾಂಸದ ವಿಷಯದಲ್ಲೂ ಅವಳಿಗೆ ಒಪ್ಪಿಗೆ, ಮನೆಯ ವಿಷಯದಲ್ಲಿ ಇಲ್ಲ. ಹಾಗಾಗಿ ಅವನಿಗೆ ಸಿಕ್ಕಿದ್ದು 310ಕ್ಕೆ 260, ಅಂದರೆ ಶೇ 84. ಹುಡುಗ ಕೊಟ್ಟ ತೂಕ 50, 50, 1. ಅವನಿಗೂ ಅವಳ ಉತ್ತರ ಮನೆಯ ವಿಷಯದಲ್ಲಿ ಸೇರಿಲ್ಲ. ಅವಳಿಗೆ 101ಕ್ಕೆ 51, ಅಂದರೆ ಸುಮಾರು ಶೇ 50. ಈಗ ಎರಡನ್ನೂ ಗುಣಿಸಿ ವರ್ಗಮೂಲ ತೆಗೆಯುತ್ತಾರೆ: 0.84 × 0.505ರ ವರ್ಗಮೂಲ 0.65. ಇಬ್ಬರ ಹೊಂದಾಣಿಕೆ ಶೇ 65.

ಆದರೆ ಪರದೆಯ ಮೇಲೆ 65 ಬರುವುದಿಲ್ಲ. ಮೂರೇ ಪ್ರಶ್ನೆ ನಂಬಿ ಮಾತಾಡಲಾಗದು ಎಂದು ಆ್ಯಪ್ ಒಂದು ಪಾಲು ಕಳೆಯುತ್ತದೆ. ಇಬ್ಬರೂ ಉತ್ತರಿಸಿದ ಪ್ರಶ್ನೆಗಳ ಸಂಖ್ಯೆಯಿಂದ 1ನ್ನು ಭಾಗಿಸಿದರೆ ಬರುವುದೇ ಆ ಪಾಲು. ಮೂರು ಪ್ರಶ್ನೆಗೆ 33 ಅಂಶ ಹೋಗಿ ಉಳಿದದ್ದು 32. ಇಬ್ಬರೂ ಉತ್ತರಿಸಿದ ಪ್ರಶ್ನೆ ಹತ್ತಿದ್ದರೆ ಕಳೆಯುವುದು 10, ಐವತ್ತಿದ್ದರೆ 2, ನೂರಿದ್ದರೆ 1.

ಇದರಿಂದ ಕೆಲವು ಕೆಲಸದ ಮಾತು ಸಿಗುತ್ತವೆ. ಹತ್ತು ಪ್ರಶ್ನೆಗೆ ಉತ್ತರಿಸಿ ಕೂತವರಿಗೆ ಎಷ್ಟೇ ಹೊಂದುವವರು ಸಿಕ್ಕರೂ 90 ದಾಟುವುದಿಲ್ಲ. ಐವತ್ತರ ನಂತರ ಲಾಭ ತೀರಾ ಕಡಿಮೆ. ಎದುರಿನವರು ಬೇರೆ ಪ್ರಶ್ನೆಗಳಿಗೆ ಉತ್ತರಿಸಿರಬಹುದಾದ್ದರಿಂದ ಸುಮಾರು ಎಂಬತ್ತಕ್ಕೆ ಉತ್ತರಿಸಿದರೆ ಇಬ್ಬರೂ ಉತ್ತರಿಸಿದ ಐವತ್ತು ಸಿಗುವ ಸಂಭವ ಇರುತ್ತದೆ. ಐನೂರಕ್ಕೆ ಉತ್ತರಿಸುವುದು ಬೇಸರ ಕಳೆಯಲು ಸರಿ, ಹುಡುಕಾಟಕ್ಕೆ ಬೇಕಿಲ್ಲ.

ಇನ್ನೊಂದು, ತೂಕಗಳ ನಡುವಿನ ಅಂತರ. 250 ತೂಕದ ಒಂದು ಪ್ರಶ್ನೆ, 1 ತೂಕದ ಹತ್ತು ಪ್ರಶ್ನೆ ಇದ್ದರೆ, ಆ ಹತ್ತರಲ್ಲಿ ಒಂದೂ ಹೊಂದದವರಿಗೂ ನಿಮ್ಮ ಕಡೆಯಿಂದ 260ಕ್ಕೆ 250, ಅಂದರೆ ಶೇ 96 ಸಿಗುತ್ತದೆ. ಎಲ್ಲವಕ್ಕೂ ‘ಇದಾಗಲೇಬೇಕು’ ಒತ್ತಿದರೂ ಕೆಡುತ್ತದೆ. ಮಕ್ಕಳು ಬೇಕೇ ಎಂಬ ಪ್ರಶ್ನೆಗೂ ಕಾಫಿಗೆ ಸಕ್ಕರೆ ಬೇಕೇ ಎಂಬ ಪ್ರಶ್ನೆಗೂ ಒಂದೇ ತೂಕ ಬಿದ್ದು, ಅಂಕಿ ಬರಿಯ ಸರಾಸರಿಯಾಗುತ್ತದೆ. ‘ಯಾವ ಉತ್ತರವಾದರೂ ಸರಿ’ ಎಂದು ಧಾರಾಳತನ ತೋರಿಸಿದ ಪ್ರಶ್ನೆ ಸೊನ್ನೆ ತೂಕದ್ದು. ಅದು ಲೆಕ್ಕದಲ್ಲೇ ಇರುವುದಿಲ್ಲ.

ಉತ್ತರಿಸುವ ಮೊದಲು ಒಂದು ಹಾಳೆ

ಆ್ಯಪ್ ತೆರೆಯುವ ಮೊದಲು ಹಾಳೆಯಲ್ಲಿ ಮೂರು ಸಾಲು ಮಾಡಿಕೊಳ್ಳಿ: ಬಿಡಲಾಗದ್ದು, ಮಾತಾಡಿ ಸರಿಮಾಡಬಹುದಾದ್ದು, ಇದ್ದರೂ ಸರಿ ಇಲ್ಲದಿದ್ದರೂ ಸರಿ. ಬಿಡಲಾಗದ್ದರಲ್ಲಿ ಐದಕ್ಕಿಂತ ಹೆಚ್ಚು ಬೇಡ. ಆರನೆಯದನ್ನು ಬರೆಯಬೇಕೆನಿಸಿದರೆ ಮೊದಲ ಐದರಲ್ಲೊಂದನ್ನು ಕೆಳಗಿಳಿಸಿ.

ನಮ್ಮ ಕಡೆ ಸಂಬಂಧಗಳು ಮುರಿದುಬೀಳುವ ಜಾಗಗಳು ಹೆಚ್ಚಾಗಿ ಇವು: ಮದುವೆ ಯಾವಾಗ, ಮಕ್ಕಳು ಬೇಕೇ, ಯಾವ ಊರಿನಲ್ಲಿ ಇರುವುದು, ವಿದೇಶಕ್ಕೆ ಹೋಗುವ ಆಸೆ ಇದೆಯೇ, ತಂದೆ ತಾಯಿ ಜೊತೆಗಿರುತ್ತಾರೆಯೇ, ಹೆಂಡತಿಯ ಕೆಲಸ ಮುಂದುವರಿಯುತ್ತದೆಯೇ, ಊಟ, ಕುಡಿತ, ಸಿಗರೇಟು, ಪೂಜೆ ಮಡಿಗಳ ಪಾಲನೆ, ಜಾತಿಯ ಹೊರಗೆ ಮದುವೆಗೆ ಮನೆ ಒಪ್ಪುತ್ತದೆಯೇ, ಮನೆ ಸಾಲದ ಕಂತು ಎಷ್ಟಿದೆ, ಸಂಬಳದಲ್ಲಿ ಊರಿಗೆ ಎಷ್ಟು ಹೋಗುತ್ತದೆ. ಆ್ಯಪ್‌ನಲ್ಲಿ ಇವೆಲ್ಲಕ್ಕೂ ಪ್ರಶ್ನೆ ಸಿಗುವುದಿಲ್ಲ. ಸಿಕ್ಕವನ್ನು ಹುಡುಕಿ ಮೊದಲು ಉತ್ತರಿಸಿ, ಸರಿಯಾದ ತೂಕ ಕೊಡಿ. ಉಳಿದವು ಫೋನಿನಲ್ಲಿ ಕೇಳಬೇಕಾದವು. ಅಮೆರಿಕದ ಬಂದೂಕಿನ ಕಾನೂನು ನಿಮಗೆ ಒಪ್ಪಿಗೆಯೇ ಎಂಬಂಥ ಪ್ರಶ್ನೆ ಎದುರಾದರೆ ದಾಟಿಸಿ ಮುಂದೆ ಹೋಗಿ. ಉತ್ತರಿಸಿದರೆ ಗಟ್ಟಿ ಪ್ರಶ್ನೆಗಳ ನಡುವೆ ಜೊಳ್ಳು ಸೇರಿಕೊಳ್ಳುತ್ತದೆ.

ಉತ್ತರದಲ್ಲಿ ಆಗುವ ದೊಡ್ಡ ತಪ್ಪು, ಆಗಬೇಕೆಂದಿರುವ ತನ್ನನ್ನು ಬರೆಯುವುದು. ವಾರಕ್ಕೆ ಎಷ್ಟು ದಿನ ವ್ಯಾಯಾಮ ಎಂದು ಕೇಳಿದರೆ ಹೋದ ತಿಂಗಳು ಎಷ್ಟು ದಿನ ಮಾಡಿದ್ದು ಎಂದು ಎಣಿಸಿ ಬರೆಯಿರಿ. ಕುಡಿತಕ್ಕೂ ಅದೇ ಅಳತೆ. ಆರು ತಿಂಗಳಿಗೊಮ್ಮೆ ಹಳೆಯ ಉತ್ತರಗಳ ಮೇಲೆ ಕಣ್ಣಾಡಿಸಿ. ಕೆಲಸ ಬದಲಾದರೆ ಊರಿನ ಪ್ರಶ್ನೆಗೆ ಉತ್ತರ ಬದಲಾಗಿರುತ್ತದೆ. ಕೆಲವು ಪ್ರಶ್ನೆಗೆ ಉತ್ತರವನ್ನು ಗುಟ್ಟಾಗಿಡುವ ಅವಕಾಶವಿದ್ದರೆ ಹಾಸಿಗೆಯ ವಿಷಯ, ಆರೋಗ್ಯ, ರಾಜಕೀಯದ ಉತ್ತರಗಳನ್ನು ಗುಟ್ಟಾಗಿಡಿ. ಸಹೋದ್ಯೋಗಿಯೋ ದೂರದ ನೆಂಟರ ಹುಡುಗನೋ ಅದೇ ಆ್ಯಪ್‌ನಲ್ಲಿ ಇದ್ದೇ ಇರುತ್ತಾರೆ.

ಲೈಕ್ ಒತ್ತುವುದೂ ಒಂದು ಉತ್ತರ

ನಡವಳಿಕೆಯಿಂದ ಕಲಿಯುವ ಆ್ಯಪ್‌ಗೆ ನಿಮ್ಮ ಬೆರಳೇ ಪ್ರಶ್ನಾವಳಿ. ಬಸ್ಸಿನಲ್ಲಿ ಕೂತು ಸಿಕ್ಕವರಿಗೆಲ್ಲ ಲೈಕ್ ಒತ್ತಿದರೆ ಆ್ಯಪ್ ನಿಮ್ಮ ಬಗ್ಗೆ ಏನನ್ನೂ ಕಲಿಯುವುದಿಲ್ಲ. ಮುಖ ಮಾತ್ರ ನೋಡಿ ಒತ್ತಿದರೆ ಮುಖ ಮಾತ್ರ ಕಲಿಯುತ್ತದೆ. ಮೊದಲ ಎರಡು ವಾರ ದಿನಕ್ಕೆ ಹತ್ತು ನಿಮಿಷ, ಪ್ರೊಫೈಲ್ ಕೊನೆಯವರೆಗೆ ಓದಿ, ನಿಜಕ್ಕೂ ಮಾತಾಡಬೇಕೆನಿಸುವ ಐದಾರು ಜನಕ್ಕೆ ಮಾತ್ರ ಲೈಕ್ ಕೊಡಿ. ಹಿಂಜ್‌ನಲ್ಲಿ ಒಂದು ಫೋಟೊಗೋ ಒಂದು ಸಾಲಿಗೋ ಲೈಕ್ ಕೊಟ್ಟು ಅಲ್ಲೇ ಮಾತು ಬರೆಯಬಹುದು. ‘ಹಾಯ್’ ಬರೆಯುವುದಕ್ಕಿಂತ ಆ ಫೋಟೊದಲ್ಲಿರುವ ಬೆಟ್ಟ ಯಾವುದು ಎಂದು ಕೇಳುವುದು ಲೇಸು.

ದೂರದ ಜರಡಿಯನ್ನು ಕಿಲೋಮೀಟರಿನಲ್ಲಿ ಯೋಚಿಸಬೇಡಿ. ವೈಟ್‌ಫೀಲ್ಡ್‌ನಿಂದ ರಾಜರಾಜೇಶ್ವರಿ ನಗರ ನಕ್ಷೆಯಲ್ಲಿ ಒಂದೇ ಊರು. ಶುಕ್ರವಾರ ಸಂಜೆ ಆ ದಾರಿಗೆ ಗಂಟೆಗಳು ಬೇಕು. ಬೆಂಗಳೂರಿನಲ್ಲಿ 15 ಕಿಲೋಮೀಟರ್ ಇಟ್ಟು, ಇಬ್ಬರಿಗೂ ಮೆಟ್ರೊ ಹತ್ತಿರವಿದ್ದರೆ ಮಾತ್ರ ಹೆಚ್ಚಿಸಿ. ಧಾರವಾಡದಲ್ಲಿದ್ದರೆ 100 ಇಟ್ಟರೂ ಅಡ್ಡಿಯಿಲ್ಲ, ಬೆಳಗಾವಿ, ಗದಗ, ಹಾವೇರಿ ಎಲ್ಲ ಅದರೊಳಗೆ ಬರುತ್ತವೆ. ವಯಸ್ಸಿನ ಮಿತಿಯನ್ನು ನೀವು ಬಯಸುವುದಕ್ಕಿಂತ ಎರಡೆರಡು ವರ್ಷ ಆಚೀಚೆ ಇಡಿ. 30ಕ್ಕೆ ಗೆರೆ ಎಳೆದವರಿಗೆ ಹೋದ ವಾರ 31 ತುಂಬಿದವರು ಕಾಣುವುದೇ ಇಲ್ಲ.

ಪ್ರೊಫೈಲಿಗೆ ನಾಲ್ಕರಿಂದ ಆರು ಫೋಟೊ ಸಾಕು: ಮುಖ ಸರಿಯಾಗಿ ಕಾಣುವುದು ಮೊದಲು, ಪೂರ್ತಿ ಆಳು ಕಾಣುವುದೊಂದು, ಏನಾದರೂ ಮಾಡುತ್ತಿರುವುದೊಂದು. ಒಂದು ವರ್ಷಕ್ಕಿಂತ ಹಳೆಯದು ಬೇಡ. ಕಂಪನಿಯ ಐಡಿ ಕಾರ್ಡು, ಮನೆಯ ಗೇಟಿನ ಸಂಖ್ಯೆ, ಗಾಡಿಯ ನಂಬರ್ ಫಲಕ ಫೋಟೊದಲ್ಲಿ ಇವೆಯೇ ಎಂದು ಹಿಗ್ಗಿಸಿ ನೋಡಿ. ಕನ್ನಡದಲ್ಲೇ ಮಾತಾಡುವವರು ಬೇಕಿದ್ದರೆ ಭಾಷೆಯ ಜರಡಿಯನ್ನು ನಂಬಿ ಕೂರದೆ ಪ್ರೊಫೈಲಿನ ಒಂದು ಸಾಲನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ. ಓದಲು ಬರುವವರು ಅದನ್ನೇ ಹಿಡಿದು ಮಾತು ಶುರುಮಾಡುತ್ತಾರೆ. ಅಮೆರಿಕ, ಆಸ್ಟ್ರೇಲಿಯಾದಲ್ಲಿರುವ ಕನ್ನಡಿಗರಿಗೆ ಈ ಉಪಾಯ ಇನ್ನೂ ಚೆನ್ನಾಗಿ ಒದಗುತ್ತದೆ.

ವಿಜ್ಞಾನ ಏನನ್ನುತ್ತದೆ

ಇ-ಹಾರ್ಮನಿಯ ಒಂದು ಜಾಹೀರಾತು ತನ್ನ ಪದ್ಧತಿ ವೈಜ್ಞಾನಿಕವಾಗಿ ಸಾಬೀತಾದದ್ದು ಎಂದು ಹೇಳಿಕೊಂಡಿತ್ತು. ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ 2018ರ ಜನವರಿಯಲ್ಲಿ, ಇದಕ್ಕೆ ಸಾಕ್ಷ್ಯ ಸಾಲದು ಎಂದು ಆ ಜಾಹೀರಾತನ್ನು ನಿಲ್ಲಿಸಿತು. ಅದಕ್ಕೂ ಮೊದಲೇ, 2012ರಲ್ಲಿ, ಮನಶ್ಶಾಸ್ತ್ರಜ್ಞ ಎಲಿ ಫಿಂಕಲ್ ಮತ್ತು ಸಂಗಡಿಗರು ಇಂಥ ಸೇವೆಗಳನ್ನು ಪರಿಶೀಲಿಸಿ, ಇವುಗಳ ಲೆಕ್ಕದಿಂದ ಕೂಡಿದ ಜೋಡಿ ಬೇರೆ ದಾರಿಯಲ್ಲಿ ಕೂಡಿದ ಜೋಡಿಗಿಂತ ಚೆನ್ನಾಗಿ ಬಾಳುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ ಎಂದಿದ್ದರು. 2017ರಲ್ಲಿ ಸಮಂತಾ ಜೋಯೆಲ್, ಪಾಲ್ ಈಸ್ಟ್‌ವಿಕ್ ಮತ್ತು ಫಿಂಕಲ್ ಇನ್ನೂ ಮುಂದೆ ಹೋದರು. ಭೇಟಿಗೆ ಮೊದಲು ಜನರಿಂದ ನೂರಕ್ಕೂ ಹೆಚ್ಚು ಗುಣ, ಅಭಿರುಚಿಗಳನ್ನು ಬರೆಸಿಕೊಂಡು, ಕೆಲವೇ ನಿಮಿಷದ ಭೇಟಿಗಳಲ್ಲಿ ಯಾರಿಗೆ ಯಾರು ಇಷ್ಟವಾಗುತ್ತಾರೆ ಎಂದು ಯಂತ್ರಕಲಿಕೆಯಿಂದ (ಮಷೀನ್ ಲರ್ನಿಂಗ್) ಊಹಿಸಲು ನೋಡಿದರು. ಯಾರು ಎಲ್ಲರಿಗೂ ಇಷ್ಟವಾಗುತ್ತಾರೆ ಎಂಬುದು ಅಷ್ಟಿಷ್ಟು ಗೊತ್ತಾಯಿತು. ಈ ಹುಡುಗನಿಗೆ ಈ ಹುಡುಗಿಯೇ ಏಕೆ ಎಂಬುದು ಮಾತ್ರ ಗೊತ್ತಾಗಲಿಲ್ಲ.

ಓಕೆ ಕ್ಯುಪಿಡ್ ಮಾಡಿದ್ದು ಇನ್ನೂ ತಮಾಷೆ. ಶೇ 30 ಹೊಂದುವ ಜೋಡಿಗಳಿಗೆ ನೀವು ಶೇ 90 ಹೊಂದುತ್ತೀರಿ ಎಂದು ತೋರಿಸಿ, ಏನಾಗುತ್ತದೆ ನೋಡೋಣ ಎಂದು ಕೂತಿತು. ನಿಜವಾದ ಅಂಕಿ ಕಂಡಿದ್ದರೆ ಎಷ್ಟು ಮಾತಾಡುತ್ತಿದ್ದರೋ ಅದಕ್ಕಿಂತ ಹೆಚ್ಚು ಮಾತಾಡಿದರು. ನಿಜವಾದ ಅಂಕಿಯೂ ತೋರಿಸಿದ ಅಂಕಿಯೂ 90 ಇದ್ದವರ ಮಾತು ಎಲ್ಲರಿಗಿಂತ ಮುಂದೆ ಹೋಯಿತು. ಕಂಪನಿ ಇದನ್ನು 2014ರಲ್ಲಿ ತಾನೇ ಬರೆದುಕೊಂಡು ಬೈಸಿಕೊಂಡಿತು. ಅಂಕಿ ದೊಡ್ಡದು ಕಂಡರೆ ನಾವೇ ಉತ್ಸಾಹದಿಂದ ಮಾತಾಡುತ್ತೇವೆ, ಮಾತಾಡಿದ್ದರಿಂದ ಹೊಂದಾಣಿಕೆ ಬೆಳೆದಂತೆ ಕಾಣುತ್ತದೆ.

ಹಾಗಾದರೆ ಅಂಕಿಯನ್ನು ಎಲ್ಲಿಗೆ ಗೆರೆ ಎಳೆದು ಬಳಸುವುದು? ನಮ್ಮ ಅಂದಾಜಿನಲ್ಲಿ ಇಬ್ಬರೂ ಉತ್ತರಿಸಿದ ಪ್ರಶ್ನೆ ಐವತ್ತಕ್ಕೂ ಹೆಚ್ಚು ಇದ್ದು ಶೇ 60ಕ್ಕಿಂತ ಕೆಳಗೆ ಬಂದರೆ ಬಿಡಬಹುದು. 75 ದಾಟಿದ ಎಲ್ಲರೂ ಒಂದೇ ಸಾಲಿನವರು. 78 ಮತ್ತು 94ರ ನಡುವೆ ಆರಿಸಲು ಅಂಕಿಯನ್ನು ಕೇಳಬೇಡಿ, ಯಾವ ಪ್ರಶ್ನೆಯಲ್ಲಿ ಭಿನ್ನ ಎಂದು ತೆರೆದು ನೋಡಿ. ಬಿಡಲಾಗದ ಐದರಲ್ಲಿ ಒಂದು ಅಲ್ಲಿದ್ದರೆ 94 ಇದ್ದರೂ ಪ್ರಯೋಜನವಿಲ್ಲ.

ಮ್ಯಾಟ್ರಿಮನಿಯಲ್ಲಿ ಸಾಲಾವಳಿ

ಪ್ರಶ್ನೆಗೆ ತೂಕ ಹಾಕುವ ಉಪಾಯ ನಮ್ಮ ಮನೆಗಳಿಗೆ ಹೊಸದಲ್ಲ. ಅಷ್ಟಕೂಟದಲ್ಲಿ ವರ್ಣಕ್ಕೆ 1, ವಶ್ಯಕ್ಕೆ 2, ತಾರೆಗೆ 3, ಯೋನಿಗೆ 4, ಗ್ರಹಮೈತ್ರಿಗೆ 5, ಗಣಕ್ಕೆ 6, ರಾಶಿಕೂಟಕ್ಕೆ 7, ನಾಡಿಗೆ 8, ಒಟ್ಟು 36. ಹದಿನೆಂಟು ದಾಟಿದರೆ ಸಾಲಾವಳಿ ಕೂಡಿತು ಎನ್ನುತ್ತಾರೆ. ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಎದುರಿನ ಮನೆಯವರು ಕೇಳುವ ಅಂಕಿ ಇದಾದ್ದರಿಂದ ತಾಣಗಳು ಕೊಡುವ ಕೂಟ ಯಾಕೆ ಒಂದೊಂದು ಕಡೆ ಒಂದೊಂದು ಬರುತ್ತದೆ ಎಂದು ತಿಳಿದಿರುವುದು ಒಳ್ಳೆಯದು.

ಎಂಟೂ ಕೂಟಗಳು ಚಂದ್ರನ ನಕ್ಷತ್ರ, ರಾಶಿಯ ಮೇಲೆ ನಿಂತಿವೆ. ಚಂದ್ರ ಒಂದು ನಕ್ಷತ್ರದಲ್ಲಿ ಹೆಚ್ಚು ಕಡಿಮೆ ಒಂದು ದಿನ ಇರುತ್ತಾನೆ. ಹುಟ್ಟಿದ ಹೊತ್ತಿನಲ್ಲಿ ಹತ್ತು ನಿಮಿಷ ಆಚೀಚೆಯಾದರೆ ನಕ್ಷತ್ರದ ಅಥವಾ ರಾಶಿಯ ಗಡಿಯಲ್ಲಿ ಹುಟ್ಟಿದವರಿಗೆ ಮಾತ್ರ ಕೂಟ ಬದಲಾಗುತ್ತದೆ. ಲಗ್ನ ಹಾಗಲ್ಲ, ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ. ಆದ್ದರಿಂದ ಹೊತ್ತು ತಪ್ಪಿದಾಗ ಕೂಟಕ್ಕಿಂತ ಮೊದಲು ಪೆಟ್ಟು ಬೀಳುವುದು ಲಗ್ನದಿಂದ ಎಣಿಸುವ ಕುಜದೋಷದ ಲೆಕ್ಕಕ್ಕೆ. ಇನ್ನೊಂದು ಕಾರಣ ಅಯನಾಂಶ, ಅಂದರೆ ರಾಶಿಚಕ್ರವನ್ನು ಎಲ್ಲಿಂದ ಎಣಿಸಬೇಕು ಎಂದು ಹಾಕುವ ತಿದ್ದುಪಡಿ. ಲಾಹಿರಿ ಅಯನಾಂಶಕ್ಕೂ ಬೆಂಗಳೂರಿನ ಜ್ಯೋತಿಷಿ ಬಿ.ವಿ. ರಾಮನ್ ಅವರ ಅಯನಾಂಶಕ್ಕೂ ಸುಮಾರು ಒಂದೂವರೆ ಡಿಗ್ರಿ ವ್ಯತ್ಯಾಸ. ಒಂದು ನಕ್ಷತ್ರದ ಅಳತೆ 13 ಡಿಗ್ರಿ 20 ಕಲೆ. ಅಂದರೆ ಸುಮಾರು ಒಂಬತ್ತು ಜನರಲ್ಲಿ ಒಬ್ಬರ ನಕ್ಷತ್ರವೇ ಪದ್ಧತಿ ಬದಲಾದರೆ ಬದಲಾಗುತ್ತದೆ. ಎರಡು ತಾಣದಲ್ಲಿ ಎರಡು ಅಂಕಿ ಬಂದರೆ ಮೊದಲು ಸೆಟ್ಟಿಂಗ್‌ನಲ್ಲಿ ಅಯನಾಂಶ ಯಾವುದು, ಜನ್ಮಸ್ಥಳ ಸರಿಯಿದೆಯೇ, ಬೆಳಗಿನ ಗಂಟೆಯ ಬದಲು ಸಂಜೆಯದು ತುಂಬಿದೆಯೇ ನೋಡಿ. ಈ ಕೊನೆಯ ತಪ್ಪು ನೀವೆಣಿಸುವುದಕ್ಕಿಂತ ಹೆಚ್ಚು.

ನಾಡಿಗಳು ಮೂರೇ. 27 ನಕ್ಷತ್ರಗಳು ಅದರಲ್ಲಿ ಒಂಬತ್ತೊಂಬತ್ತಾಗಿ ಹಂಚಿವೆ. ಹಾಗಾಗಿ ಮೂರರಲ್ಲಿ ಒಂದು ಜೋಡಿಗೆ ಏಕನಾಡಿ ಬಂದು 8 ಅಂಕ ಒಂದೇ ಏಟಿಗೆ ಹೋಗುತ್ತದೆ. ಕುಜನನ್ನು ಲಗ್ನದಿಂದ ಎಣಿಸಿ 12 ಮನೆಗಳಲ್ಲಿ ಐದನ್ನೋ ಆರನ್ನೋ ದೋಷವೆಂದರೆ, ಹೆಚ್ಚು ಕಡಿಮೆ ಅರ್ಧ ಊರಿಗೆ ದೋಷ! ಅಪವಾದಗಳ ಪಟ್ಟಿಯೂ ಅಷ್ಟೇ ಉದ್ದವಿದೆ, ಆದರೆ ತಾಣದ ಯಂತ್ರ ಅವನ್ನೆಲ್ಲ ಹಾಕುವುದಿಲ್ಲ. ಸಾಲಾವಳಿ ಮುಖ್ಯ ಎನ್ನುವ ಮನೆಗಳು ತಾಣದ ಅಂಕಿಯನ್ನು ಕೊನೆಯ ಮಾತೆಂದು ಹಿಡಿಯದೆ, ತಾವು ನಂಬುವ ಜೋಯಿಸರಿಗೆ ಇಬ್ಬರ ಹುಟ್ಟಿದ ದಿನ, ಹೊತ್ತು, ಊರು ಕೊಟ್ಟು ಒಂದೇ ಪದ್ಧತಿಯಲ್ಲಿ ಹಾಕಿಸುವುದು ಸರಿ.

ಚಾಟ್‌ನಿಂದ ಕಾಫಿಯವರೆಗೆ

ಮ್ಯಾಚ್ ಆದ ಮೇಲೆ ಆ್ಯಪ್‌ನಲ್ಲೇ ಮೂರು ನಾಲ್ಕು ದಿನ ಮಾತು, ಆಮೇಲೆ ಹದಿನೈದು ನಿಮಿಷದ ವಿಡಿಯೊ ಕರೆ, ಎರಡು ವಾರದೊಳಗೆ ಹಗಲಿನಲ್ಲಿ ಒಂದು ಗಂಟೆಯ ಭೇಟಿ. ಇದಕ್ಕಿಂತ ಎಳೆದರೆ ಮನಸ್ಸು ನಿಜದಲ್ಲಿಲ್ಲದ ಒಬ್ಬ ಮನುಷ್ಯನನ್ನು ಕಲ್ಪಿಸಿಕೊಂಡು ಕೂರುತ್ತದೆ. ಎರಡು ತಿಂಗಳು ರಾತ್ರಿಯಿಡೀ ಮೆಸೇಜ್ ಮಾಡಿ ಭೇಟಿಯಾದವರಿಗೆ ಎದುರು ಕೂತವರು ಅಪರಿಚಿತರಂತೆ ಕಾಣುವುದು ಇದರಿಂದಲೇ. ಅಲ್ಲಿಯವರೆಗೆ ಆ್ಯಪ್‌ನ ಒಳಗಿನ ಕರೆಯನ್ನೇ ಬಳಸಿ, ನಂಬರ್ ಕೊಡಬೇಡಿ.

ವಿಡಿಯೊ ಕರೆಯಲ್ಲೇ ಬಿಡಲಾಗದ ಐದರಲ್ಲಿ ಎರಡನ್ನಾದರೂ ಕೇಳಿ. ವಿಚಾರಣೆಯಂತೆ ಕೇಳದೆ ನಿಮ್ಮ ಕಡೆಯದು ಮೊದಲು ಹೇಳಿದರೆ ಉತ್ತರ ಸುಲಭವಾಗಿ ಬರುತ್ತದೆ: “ನಂಗೆ ಇನ್ನೆರಡು ವರ್ಷದಲ್ಲಿ ಮೈಸೂರಿಗೆ ವಾಪಸ್ ಹೋಗೋ ಯೋಚನೆ ಇದೆ. ನಿಮ್ಮದು ಹೇಗೆ?” ಹಣದ ಮಾತು ಎರಡನೆಯ ಭೇಟಿಗೆ, ಮನೆಯವರ ಮಾತು ಮೂರನೆಯದಕ್ಕೆ. ಮ್ಯಾಟ್ರಿಮನಿಯಲ್ಲಿ ಪರಿಚಯವಾದವರಿಗೆ ಈ ಕ್ರಮ ತಲೆಕೆಳಗು, ಅಲ್ಲಿ ಮನೆಯವರೇ ಮೊದಲು ಬಂದಿರುತ್ತಾರೆ. ಆಗ ಇಬ್ಬರೇ ಮಾತಾಡುವ ಒಂದು ಗಂಟೆಯನ್ನು ಕೇಳಿ ಪಡೆಯಬೇಕು. “ಅತ್ತೆ, ನಾವಿಬ್ಬರೂ ಒಂದು ಸಲ ಹೊರಗೆ ಮಾತಾಡಿ ಬರ್ತೀವಿ” ಎಂದರೆ ಈಗ ಯಾರೂ ತಪ್ಪು ತಿಳಿಯುವುದಿಲ್ಲ.

2020ರಲ್ಲಿ 43 ಅಧ್ಯಯನಗಳ ಹನ್ನೊಂದು ಸಾವಿರಕ್ಕೂ ಹೆಚ್ಚು ಜೋಡಿಗಳ ಮಾಹಿತಿಯನ್ನು ಒಟ್ಟುಮಾಡಿ ನೋಡಿದ ಸಂಶೋಧನೆಯೊಂದರಲ್ಲಿ, ಬಾಂಧವ್ಯದ ಗುಣಮಟ್ಟವನ್ನು ಚೆನ್ನಾಗಿ ಹೇಳಿದ್ದು ಒಬ್ಬೊಬ್ಬರ ಸ್ವಭಾವಕ್ಕಿಂತ ಇಬ್ಬರ ನಡುವಿನ ವಿಷಯಗಳು: ಎದುರಿನವರು ಈ ಸಂಬಂಧಕ್ಕೆ ಬದ್ಧರಾಗಿದ್ದಾರೆ ಎಂಬ ಅನಿಸಿಕೆ, ಒಬ್ಬರಿಗೊಬ್ಬರು ತೋರಿಸುವ ಮೆಚ್ಚುಗೆ, ಜಗಳದ ಪ್ರಮಾಣ. ಇವನ್ನು ಪ್ರಶ್ನಾವಳಿ ಮುಂಚಿತವಾಗಿ ಅಳೆಯಲಾರದು. ಮೂರು ನಾಲ್ಕು ಭೇಟಿಯಲ್ಲಿ ನೀವೇ ನೋಡಬಹುದು. ಹೇಳಿದ ಹೊತ್ತಿಗೆ ಬರುತ್ತಾರೆಯೇ, ಬರಲಾಗದಿದ್ದರೆ ಮೊದಲೇ ತಿಳಿಸುತ್ತಾರೆಯೇ, ಹೋಟೆಲಿನ ಮಾಣಿಯ ಹತ್ತಿರ ಹೇಗೆ ಮಾತಾಡುತ್ತಾರೆ, ನೀವು ಒಂದು ವಿಷಯಕ್ಕೆ ಒಪ್ಪದಿದ್ದಾಗ ಮುಖ ಹೇಗಾಗುತ್ತದೆ.

ಮೊದಲ ಭೇಟಿಯ ಜಾಗವನ್ನು ನೀವೇ ಆರಿಸಿ. ದರ್ಶಿನಿಯೋ ಕಾಫಿ ಅಂಗಡಿಯೋ ಆಗಬಹುದು. ಹೋಗುವುದು ಬರುವುದು ನಿಮ್ಮದೇ ಗಾಡಿಯಲ್ಲೋ ಮೆಟ್ರೊದಲ್ಲೋ ಇರಲಿ, ಒಬ್ಬ ಸ್ನೇಹಿತರಿಗೆ ಲೈವ್ ಲೊಕೇಷನ್ ಕಳಿಸಿರಿ. ಎದುರಿನವರು ಒಂದೇ ಒಂದು ಪಬ್ ಹೆಸರು ಹೇಳಿ ಅಲ್ಲಿಗೇ ಬರಬೇಕು ಎಂದು ಪಟ್ಟು ಹಿಡಿದರೆ ಎಚ್ಚರ. ಮೆನುವಿನಲ್ಲಿಲ್ಲದ ಪಾನೀಯ ತರಿಸಿ, ಹತ್ತಾರು ಸಾವಿರದ ಬಿಲ್ ಬಂದ ಹೊತ್ತಿಗೆ ಜೊತೆಗಿದ್ದವರು ಮಾಯವಾಗಿ, ಬಾಗಿಲಲ್ಲಿ ದಾಂಡಿಗರು ನಿಲ್ಲುವ ಮೋಸ ದೊಡ್ಡ ಊರುಗಳಲ್ಲೆಲ್ಲ ನಡೆದಿದೆ. ಅಂಥಲ್ಲಿ ಸಿಕ್ಕಿಹಾಕಿಕೊಂಡರೆ 112ಕ್ಕೆ ಕರೆ ಮಾಡಿ.

ಮೋಸದ ಗುರುತು

ಮೋಸಗಾರರು ಹೊಂದಾಣಿಕೆಯ ಲೆಕ್ಕವನ್ನು ನಮಗಿಂತ ಚೆನ್ನಾಗಿ ಬಲ್ಲವರು. ನಿಮ್ಮ ಪ್ರೊಫೈಲ್ ಓದಿ ಅದಕ್ಕೆ ತಕ್ಕ ಉತ್ತರ ತುಂಬಿದರೆ ಅಂಕಿ ತಾನಾಗಿ ಏರುತ್ತದೆ. ಎಲ್ಲದರಲ್ಲೂ ಹೊಂದುವ, ವಿದೇಶದಲ್ಲಿರುವ, ವಾರದೊಳಗೆ ಮದುವೆಯ ಮಾತೆತ್ತುವ, ವಿಡಿಯೊ ಕರೆಗೆ ಮಾತ್ರ ಕ್ಯಾಮೆರಾ ಕೆಟ್ಟಿರುವ ವ್ಯಕ್ತಿ ಸಿಕ್ಕರೆ ಫೋಟೊವನ್ನು ಗೂಗಲ್ ಲೆನ್ಸ್‌ಗೆ ಹಾಕಿ ಹುಡುಕಿ. ಮುಂದಿನ ಹೆಜ್ಜೆ ಬಹುಮಟ್ಟಿಗೆ ಮೂರರಲ್ಲೊಂದು: ಉಡುಗೊರೆ ಕಳಿಸಿದ್ದೇನೆ, ಏರ್‌ಪೋರ್ಟ್ ಕಸ್ಟಮ್ಸ್‌ನಲ್ಲಿ ಸಿಕ್ಕಿದೆ, ಶುಲ್ಕ ಕಟ್ಟು ಎನ್ನುವುದು; ನನಗೆ ಲಾಭ ಬಂದ ಟ್ರೇಡಿಂಗ್ ಆ್ಯಪ್‌ನಲ್ಲಿ ನೀನೂ ಹಣ ಹಾಕು ಎನ್ನುವುದು; ಇಲ್ಲವೇ ಬೆತ್ತಲೆ ವಿಡಿಯೊ ಕರೆ ಮಾಡಿ ಅದನ್ನು ರೆಕಾರ್ಡ್ ಮಾಡಿಕೊಂಡು ಬೆದರಿಕೆ. ಟ್ರೇಡಿಂಗ್ ಮೋಸದಲ್ಲಿ ಮೊದಲ ಸಲ ಹಾಕಿದ ಸಣ್ಣ ಮೊತ್ತ ಲಾಭದ ಸಮೇತ ವಾಪಸು ಬರುತ್ತದೆ. ದೊಡ್ಡ ಮೊತ್ತ ಹಾಕಿಸುವುದಕ್ಕೆ ಅದೇ ಗಾಳ.

ಹಣ ಹೋದರೆ ಗಂಟೆಗಳ ಲೆಕ್ಕ. ತಕ್ಷಣ 1930ಕ್ಕೆ ಕರೆ ಮಾಡಿ ಹಣ ಹೋದ ಖಾತೆ, ಯುಪಿಐ ವ್ಯವಹಾರದ ಸಂಖ್ಯೆ, ಮೊತ್ತ, ಹೊತ್ತು ಹೇಳಿ. ದುಡ್ಡು ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಹಿಡಿಯುವ ಅವಕಾಶ ಇರುವುದು ಆಗಲೇ. ಬಳಿಕ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ತಾಣದಲ್ಲಿ ದೂರು ದಾಖಲಿಸಿ, ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ ನೋಡುವ ಪೊಲೀಸ್) ಠಾಣೆಗೆ ಹೋಗಿ. ಬ್ಲಾಕ್ ಮಾಡುವ ಮೊದಲು ಪ್ರೊಫೈಲ್, ಚಾಟ್, ನಂಬರ್ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಮ್ಯಾಚ್ ರದ್ದಾದ ಕೂಡಲೇ ಚಾಟ್ ನಿಮ್ಮ ಕಡೆಯೂ ಮಾಯವಾಗಬಹುದು. ವಿಡಿಯೊ ಬೆದರಿಕೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೊಟ್ಟವರಿಗೇ ಮತ್ತೆ ಕರೆ ಬರುವುದು.

ದುಡ್ಡು, ಖಾತೆ, ಬಯೋಡೇಟಾ

ಮೊದಲ ತಿಂಗಳು ದುಡ್ಡು ಕಟ್ಟಬೇಡಿ. ಪ್ರೊಫೈಲೂ ಉತ್ತರಗಳೂ ಸರಿಯಿದ್ದು, ನಿಮ್ಮ ಊರಿನಲ್ಲಿ ಜನ ಇದ್ದಾರೆ ಎಂದು ಕಂಡ ಮೇಲೆ ಒಂದು ತಿಂಗಳಿಗಷ್ಟೇ ತೆಗೆದುಕೊಳ್ಳಿ. ಆರು ತಿಂಗಳ ರಿಯಾಯಿತಿ ಅಗ್ಗ ಕಂಡರೂ ಸಂಬಂಧ ಕೂಡಿದ ಮರುದಿನ ಅದು ದಂಡ. ಮ್ಯಾಟ್ರಿಮನಿ ತಾಣದ ಮಾರಾಟದವರು ಫೋನ್ ಮಾಡಿ ಇಂದು ಸಂಜೆಯೊಳಗೆ ಕಟ್ಟಿದರೆ ಮಾತ್ರ ಈ ದರ ಎಂದರೆ, ನಾಳೆ ಕೇಳಿದರೂ ಅದೇ ದರ ಸಿಗುತ್ತದೆ ಎಂದು ತಿಳಿಯಿರಿ.

ಫೋನಿನಿಂದ ಆ್ಯಪ್ ತೆಗೆದುಹಾಕಿದರೆ ಚಂದಾ ನಿಲ್ಲುವುದಿಲ್ಲ, ಪ್ರೊಫೈಲೂ ಅಳಿಯುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಪ್ಲೇ ಸ್ಟೋರ್‌ನ ಚಂದಾಗಳ ಪುಟದಲ್ಲಿ, ಐಫೋನ್‌ನಲ್ಲಿ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರಿನ ಕೆಳಗೆ ರದ್ದು ಮಾಡಬೇಕು. ತಾಣಕ್ಕೆ ನೇರವಾಗಿ ಯುಪಿಐ ಮೂಲಕ ಕಟ್ಟಿದ್ದರೆ ಯುಪಿಐ ಆ್ಯಪ್‌ನ ಆಟೊಪೇ ಪಟ್ಟಿಯನ್ನು ನೋಡಿ. ಅದಾದ ಮೇಲೆ ಆ್ಯಪ್‌ನ ಒಳಗೆ ಹೋಗಿ ಖಾತೆ ಅಳಿಸಿ. ‘ಪಾಜ್’, ‘ಹೈಡ್’ ಗುಂಡಿಗಳು ಪ್ರೊಫೈಲನ್ನು ಬಚ್ಚಿಡುತ್ತವೆ ಅಷ್ಟೇ.

ಮ್ಯಾಟ್ರಿಮನಿಯಲ್ಲಿ ಇನ್ನೊಂದು ತೊಡಕಿದೆ. ತಾಣದ ಪ್ರೊಫೈಲ್ ಅಳಿಸಬಹುದು, ಆದರೆ ಅಮ್ಮ ಸಮುದಾಯದ ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಿದ ಬಯೋಡೇಟಾ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಅದರಲ್ಲಿ ಹುಟ್ಟಿದ ದಿನ, ಹೊತ್ತು, ಗೋತ್ರ, ಅಪ್ಪನ ಹೆಸರು, ಮನೆಯ ವಿಳಾಸ, ಸಂಬಳ, ಮೊಬೈಲ್ ನಂಬರ್ ಎಲ್ಲ ಒಂದೇ ಪುಟದಲ್ಲಿ. ಬ್ಯಾಂಕಿನ ಹೆಸರಿನಲ್ಲಿ ಕರೆ ಮಾಡುವವನಿಗೆ ಇದಕ್ಕಿಂತ ಹೆಚ್ಚು ಬೇಕಿಲ್ಲ. ಗುಂಪಿಗೆ ಹಾಕುವ ಪುಟದಲ್ಲಿ ನಕ್ಷತ್ರ, ರಾಶಿ, ಹುಟ್ಟಿದ ವರ್ಷ, ಓದು, ಕೆಲಸ, ಊರು ಇಷ್ಟೇ ಇರಲಿ. ಸಂಪರ್ಕಕ್ಕೆ ಬ್ಯಾಂಕ್ ಖಾತೆಗೆ ಜೋಡಿಸದ ಬೇರೊಂದು ಸಿಮ್‌ನ ನಂಬರ್ ಕೊಡಿ. ಪುಟದ ಕೆಳಗೆ ತಿಂಗಳು, ವರ್ಷ ಹಾಕಿ. ಮದುವೆಯಾಗಿ ಮೂರು ವರ್ಷವಾದ ಮೇಲೂ “ಹುಡುಗಿಗೆ ಇನ್ನೂ ಗಂಡು ಗೊತ್ತಾಗಿಲ್ವಾ?” ಎಂದು ಫೋನ್ ಬರುವುದು ಕಡಿಮೆಯಾಗುತ್ತದೆ.